ಗಾಣಕ್ಕೆ ಸಾಲ ಸಿಗುತ್ತದೆ, ಕೊಬ್ಬರಿಗೆ?

ಪ್ರಶ್ನೆ: ತಿಪಟೂರು ತಾಲ್ಲೂಕಿನ ಹಳ್ಳಿಯವನು. ಡಿಪ್ಲೊಮಾ ಮುಗಿಸಿ ಎರಡು ವರ್ಷವಾಯಿತು, ಕೆಲಸ ಸಿಕ್ಕಿಲ್ಲ. ಮರದ ಗಾಣ ಹಾಕಿ ಕೊಬ್ಬರಿ ಎಣ್ಣೆ ಮಾರಬೇಕೆಂದಿದ್ದೇನೆ. ಯಂತ್ರಕ್ಕೆ ಮೂರು ಲಕ್ಷ ಬೇಕು. ಮುದ್ರಾ ಸಾಲ ಒಳ್ಳೆಯದೋ, ಸಬ್ಸಿಡಿ ಇರುವ ಪಿಎಂಇಜಿಪಿ (ಪ್ರಧಾನ ಮಂತ್ರಿ ಉದ್ಯೋಗ ಸೃಷ್ಟಿ ಕಾರ್ಯಕ್ರಮ) ಸಾಲವೋ? ತಿಳಿದವರ ಮಾರ್ಗದರ್ಶನ ಎಲ್ಲಿ ಸಿಗುತ್ತದೆ?

ಉತ್ತರ: ಗಾಣದ ಮಾತು ಆಮೇಲೆ, ಮೊದಲು ಕೊಬ್ಬರಿಯ ಲೆಕ್ಕ ಹಾಕೋಣ. ದಿನಕ್ಕೆ 40 ಕೆ.ಜಿ. ಅರೆಯುತ್ತೀರಿ, ಕೆ.ಜಿ.ಗೆ 200 ರೂಪಾಯಿ ಎಂದು ಇಟ್ಟುಕೊಳ್ಳಿ. ಇವತ್ತಿನ ದರ ನೀವೇ ಹಾಕಿಕೊಳ್ಳಿ. ದಿನಕ್ಕೆ 8,000 ರೂಪಾಯಿ ಕೊಬ್ಬರಿಗೇ ಹೋಯಿತು. ನೂರಕ್ಕೆ 60ರಂತೆ ಇಳುವರಿ ಬಂದರೆ 24 ಕೆ.ಜಿ. ಎಣ್ಣೆ, ಅಂದರೆ ಸುಮಾರು 26 ಲೀಟರ್. ಹಿಂಡಿ ಮಾರಿದ ನಾನೂರು ರೂಪಾಯಿ ಕಳೆದರೂ ಲೀಟರಿಗೆ 290 ರೂಪಾಯಿ ಬರೀ ಕೊಬ್ಬರಿಯ ಖರ್ಚು. ಬಾಟಲಿ, ಲೇಬಲ್, ಕರೆಂಟು, ಕೂಲಿ ಇನ್ನೂ ಸೇರಿಲ್ಲ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಉಂಡೆ ಕೊಬ್ಬರಿಗೆ ತಿನ್ನುವವರೇ ಹೆಚ್ಚು ಬೆಲೆ ಕೊಡುತ್ತಾರೆ. ಅದನ್ನು ಗಾಣಕ್ಕೆ ಹಾಕಿದರೆ ನಷ್ಟ.

ಅಂಗಡಿಯವರು ಒಂದು ತಿಂಗಳು ಉದ್ರಿ ಹೇಳುತ್ತಾರೆ, ನಿಮ್ಮ ಬಳಿ ಹದಿನೈದು ದಿನದ ದಾಸ್ತಾನು ಇರಬೇಕು. ಆರು ವಾರದ 36 ಕೆಲಸದ ದಿನಗಳಿಗೆ 8,000ದಂತೆ 2,88,000 ರೂಪಾಯಿ. ಹೆಚ್ಚುಕಡಿಮೆ ಇನ್ನೊಂದು ಗಾಣದ ದುಡ್ಡು! ಹೊಸಬರ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಬಿಟ್ಟುಹೋಗುವುದು ಇದೇ. ಯಂತ್ರ ಬಂದಿರುತ್ತದೆ, ಅರೆಯಲು ಕೊಬ್ಬರಿ ಇರುವುದಿಲ್ಲ, ಕಂತಿನ ದಿನ ಮಾತ್ರ ತಪ್ಪದೆ ಬರುತ್ತದೆ. ಮೂರು ಲಕ್ಷಕ್ಕೆ ಶೇ 11 ಬಡ್ಡಿ, ಐದು ವರ್ಷ ಎಂದರೆ ತಿಂಗಳ ಕಂತೇ ಸುಮಾರು 6,520 ರೂಪಾಯಿ.

ಹಾಗಾಗಿ ಮೊದಲ ಆರು ತಿಂಗಳು ಕೂಲಿಗೆ ಅರೆದುಕೊಡುವುದೇ ಮುಖ್ಯವಾಗಲಿ. ನಿಮ್ಮ ಸುತ್ತ ಕೊಬ್ಬರಿ ಇಲ್ಲದ ಮನೆ ಯಾವುದಿದೆ? ಅವರು ಕೊಬ್ಬರಿ ತರುತ್ತಾರೆ, ನೀವು ಕೆ.ಜಿ. ಲೆಕ್ಕದಲ್ಲಿ ಕೂಲಿ ಪಡೆಯುತ್ತೀರಿ. ನಿಮ್ಮ ಬಂಡವಾಳ ಸಿಕ್ಕಿಬೀಳುವುದಿಲ್ಲ. ತೇವಾಂಶ ಶೇ 6ಕ್ಕಿಂತ ಹೆಚ್ಚಿದ್ದರೆ ಎಣ್ಣೆ ಮಂಕಾಗಿ ಬೇಗ ಕಮಟುತ್ತದೆ, ಅಂಥ ಕೊಬ್ಬರಿಯನ್ನು ಒಣಗಿಸಿ ತರಲು ಹೇಳಿ ವಾಪಸು ಕಳಿಸಿ. ಸಾಲಕ್ಕೆ ಅರ್ಜಿ ಹಾಕುವ ಮುನ್ನವೇ ಬೇರೆಯವರ ಗಾಣದಲ್ಲಿ 50 ಕೆ.ಜಿ. ಅರೆಸಿ ಮೂರು ಅಂಗಡಿಗೆ ಕೊಟ್ಟು ನೋಡಿ. ಎರಡನೇ ಸಲ ಕೇಳಿದ ಅಂಗಡಿ ಎಷ್ಟು ಎನ್ನುವುದೇ ನಿಮ್ಮ ಮಾರುಕಟ್ಟೆ ಸಮೀಕ್ಷೆ.

ಇನ್ನು ಸಾಲ. ಮುದ್ರಾದಲ್ಲಿ ಸಬ್ಸಿಡಿ ಇಲ್ಲ, ಪಿಎಂಇಜಿಪಿಯಲ್ಲಿ ಇದೆ. ಗ್ರಾಮೀಣ ಪ್ರದೇಶದಲ್ಲಿ ಪಿಎಂಇಜಿಪಿ ಸಬ್ಸಿಡಿ ಸಾಮಾನ್ಯ ವರ್ಗಕ್ಕೆ ಶೇ 25, ಸ್ವಂತ ಪಾಲು ಶೇ 10. ಪರಿಶಿಷ್ಟರು, ಹಿಂದುಳಿದ ವರ್ಗದವರು, ಅಲ್ಪಸಂಖ್ಯಾತರು, ಮಹಿಳೆಯರಿಗೆ ಶೇ 35 ಮತ್ತು ಶೇ 5. ಆದರೆ ಆ ಸಬ್ಸಿಡಿ ಕೈಗೆ ಬರುವುದಿಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿದ್ದು, ಘಟಕ ನಡೆಯುತ್ತಿದೆ ಎಂದು ಸ್ಥಳಕ್ಕೆ ಬಂದು ನೋಡಿದ ಮೇಲೆ ಸಾಲಕ್ಕೆ ಜಮಾ ಆಗುತ್ತದೆ. ಇದು ಹೊಸ ಘಟಕಕ್ಕೆ ಮಾತ್ರ. ಆತುರಕ್ಕೆ ಬಿದ್ದು ಗಾಣ ಕೊಂಡು ಶುರು ಮಾಡಿದಿರೋ, ಬಾಗಿಲು ಮುಚ್ಚಿತು. ಜಿಲ್ಲೆಗೆ ಈ ವರ್ಷ ನಿಗದಿಯಾದ ಪಿಎಂಇಜಿಪಿ ಸಾಲಗಳ ಗುರಿ ಇನ್ನೂ ಬಾಕಿ ಇದೆಯೇ ಎಂದು ತುಮಕೂರಿನ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿ. ಯಂತ್ರದ ಜೊತೆ ದುಡಿಯುವ ಬಂಡವಾಳವನ್ನೂ, ಅಂದರೆ ಕೊಬ್ಬರಿ ಕೊಳ್ಳುವ ದುಡ್ಡನ್ನೂ, ರಿಪೋರ್ಟಿನಲ್ಲಿ ಸೇರಿಸಿ. ಅದನ್ನು ಬೇಕಾದಾಗ ತೆಗೆದು ಕಟ್ಟುವ ಕ್ಯಾಶ್ ಕ್ರೆಡಿಟ್ ಖಾತೆಯಾಗಿ ಕೇಳಿದರೆ ಬಳಸಿದಷ್ಟಕ್ಕೆ ಮಾತ್ರ ಬಡ್ಡಿ.

ಮಾರ್ಗದರ್ಶನಕ್ಕೆ ಜಿಲ್ಲೆಯ ಆರ್‌ಸೆಟಿಗೆ, ಅಂದರೆ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗೆ ಹೋಗಿ. ತರಬೇತಿ, ಊಟ, ವಸತಿ ಉಚಿತ. ಮುಗಿದ ಮೇಲೂ ಎರಡು ವರ್ಷ ಬೆನ್ನಿಗಿರುವುದು ಅವರ ಕೆಲಸ, ಅದನ್ನು ಕೇಳಿ ಪಡೆಯುವವರು ಕಡಿಮೆ. ಹೋದಾಗಲೆಲ್ಲ ಉದ್ರಿ ಪುಸ್ತಕ ಒಯ್ದು ತೋರಿಸಿ. ಕೊಬ್ಬರಿಯ ಗುಣಮಟ್ಟದ ಬಗ್ಗೆ ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರ ನಿಮಗೆ ಹತ್ತಿರ.

ಪ್ರಶ್ನೆ: ಮಾಲೂರಿನಲ್ಲಿ ಹೊಲಿಗೆ ಮಾಡುತ್ತೇನೆ. ಪರಿಚಯದವರಿಗಾಗಿ ನನ್ನ ಹೆಸರಲ್ಲಿ ಸಂಘದ ಸಾಲ ತೆಗೆದುಕೊಟ್ಟೆ, ಅವರು ಕಟ್ಟಲಿಲ್ಲ. ಈಗ ಸಿಬಿಲ್ (ಸಾಲ ಮರುಪಾವತಿಯ ದಾಖಲೆ) ಸರಿಯಿಲ್ಲವೆಂದು ಬ್ಯಾಂಕಿನವರು ಮುದ್ರಾ ಕೊಡುತ್ತಿಲ್ಲ. ಹತ್ತು ಸಾವಿರ ಕೊಟ್ಟರೆ ಮಾಡಿಸಿಕೊಡುತ್ತೇನೆ ಎಂದು ಒಬ್ಬರು ಹೇಳುತ್ತಾರೆ.

ಉತ್ತರ: ಕೊಡಬೇಡಿ ತಾಯಿ. ಮುದ್ರಾಕ್ಕೆ ಏಜೆಂಟರೇ ಇಲ್ಲ, ದಾಖಲೆಯಲ್ಲಿರುವ ಬಾಕಿಯನ್ನು ಅಳಿಸಲು ಯಾವ ದಲ್ಲಾಳಿಗೂ ಆಗದು. ವರ್ಷಕ್ಕೊಮ್ಮೆ ಉಚಿತವಾಗಿ ಸಿಗುವ ಸಿಬಿಲ್ ವರದಿ ತೆಗೆಸಿ, ಯಾವ ಸಾಲ, ಎಷ್ಟು ಬಾಕಿ ಎಂದು ನೋಡಿ. ಕಾನೂನಿನ ಕಣ್ಣಿಗೆ ಸಾಲ ನಿಮ್ಮದೇ. ಸಾಲ ಕೊಟ್ಟ ಕಂಪನಿಯವರು ‘ಅರ್ಧ ಕಟ್ಟಿ, ಸೆಟ್ಲ್ ಮಾಡೋಣ’ ಎಂದರೆ ಹಗುರ ಅನಿಸುತ್ತದೆ. ಆದರೆ ವರದಿಯಲ್ಲಿ ‘ಸೆಟಲ್ಡ್’ ಎಂದು ಬಿದ್ದರೆ ಬ್ಯಾಂಕುಗಳು ಹಿಂಜರಿಯುತ್ತವೆ. ಕಂತು ಮಾಡಿಕೊಂಡಾದರೂ ಪೂರ್ತಿ ಕಟ್ಟಿ, ಬಾಕಿ ಇಲ್ಲವೆಂಬ ಪತ್ರ ಪಡೆಯಿರಿ. ಕಟ್ಟಿದ್ದೂ ವರದಿಯಲ್ಲಿ ಬಾಕಿ ಎಂದೇ ಇದ್ದರೆ ಸಿಬಿಲ್ ಸಂಸ್ಥೆಗೆ ತಕರಾರು ಸಲ್ಲಿಸಿ. 30 ದಿನದಲ್ಲಿ ಬಗೆಹರಿಸದಿದ್ದರೆ ಆಮೇಲಿನ ದಿನಕ್ಕೆ 100 ರೂಪಾಯಿಯಂತೆ ನಿಮಗೆ ಪರಿಹಾರ ಸಿಗಬೇಕು. ವಸೂಲಿಗೆ ಬಂದವರು ಬೆದರಿಸಿದರೆ 2025ರಲ್ಲಿ ರಾಜ್ಯ ತಂದ ಕಿರುಸಾಲ ಕಿರುಕುಳ ತಡೆ ಕಾನೂನು ಇದೆ, ಠಾಣೆಗೆ ದೂರು ಕೊಡಿ. ಆ ಕಾನೂನಿನಿಂದ ನೋಂದಾಯಿತ ಸಂಸ್ಥೆಯ ಸಾಲ ಮನ್ನಾ ಆಗುತ್ತದೆ ಎಂದು ಮಾತ್ರ ನಂಬಬೇಡಿ.

ಪ್ರಶ್ನೆ: ಮುದ್ರಾದಲ್ಲಿ ಸಬ್ಸಿಡಿ ಎಷ್ಟು? ಜಮೀನು ಅಡ ಇಡಬೇಕೇ? (ಚಿಂತಾಮಣಿ)

ಉತ್ತರ: ಮುದ್ರಾ ಸಾಲಕ್ಕೆ ಅದರದೇ ಸಬ್ಸಿಡಿ ಇಲ್ಲ. ಶಿಶು 50,000 ರೂಪಾಯಿವರೆಗೆ, ಕಿಶೋರ 5 ಲಕ್ಷದವರೆಗೆ, ತರುಣ 10 ಲಕ್ಷದವರೆಗೆ. ಇವಕ್ಕೆ ಅಡಮಾನ ಕೇಳುವಂತಿಲ್ಲ. ಅಡಮಾನ ಕೊಡಲಿಲ್ಲವೆಂದು ಅರ್ಜಿ ತಿರಸ್ಕರಿಸಿದರೆ ಆ ಕಾರಣವನ್ನು ಬರಹದಲ್ಲಿ ಪಡೆದು, ಜಿಲ್ಲೆಯ ಬ್ಯಾಂಕುಗಳ ಸಾಲ ಯೋಜನೆ ನೋಡಿಕೊಳ್ಳುವ ಲೀಡ್ ಬ್ಯಾಂಕ್ ಮ್ಯಾನೇಜರ್ ಅವರಿಗೆ ಕೊಡಿ.