ಜೊಲ್ಲುಗ್ರಂಥಿಯ ಕ್ಯಾನ್ಸರ್: ವರದಿಯ ‘ಪಾಸಿಟಿವ್’ ಎಷ್ಟು ಹೇಳುತ್ತದೆ?

ಪ್ರಶ್ನೆ: ಅಮ್ಮನ ಕೆಳದವಡೆಯಡಿಯಲ್ಲಿದ್ದ ಗಡ್ಡೆಯನ್ನು ಮಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿ ತೆಗೆದರು. ವರದಿಯಲ್ಲಿ ‘ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮ, ಸಿ-ಕಿಟ್ ಪಾಸಿಟಿವ್, ಕೆಐ-67 ಶೇ. 20’ ಎಂದಿದೆ. ಪಾಸಿಟಿವ್ ಬಂದರೆ ಆಯುಷ್ಯ ಕಡಿಮೆಯೆಂದು ಗಲ್ಫಿನಲ್ಲಿರುವ ತಮ್ಮ ಹೇಳುತ್ತಾನೆ. ಅಮ್ಮನಿಗೆ ಎಲೆಯಡಿಕೆ ಹಾಕುವ ಅಭ್ಯಾಸವಿದೆ. ರೋಗ ಅದರಿಂದಲೇ ಬಂದದ್ದೇ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ನಿಮ್ಮ ತಮ್ಮನವರ ಭಯಕ್ಕೆ ‘ಪಾಸಿಟಿವ್’ ಎಂಬುದೇ ಕಾರಣವಾಗಿದ್ದರೆ, ಆ ಭಯ ಅನಗತ್ಯ. ತೆಗೆದ ಗಡ್ಡೆಯನ್ನು ಮೇಣದ ಬ್ಲಾಕಿನಲ್ಲಿ ಹುದುಗಿಸಿ, ತೀರಾ ತೆಳುವಾಗಿ ಸೀಳಿ, ನಿರ್ದಿಷ್ಟ ಪ್ರೋಟೀನಿಗೆ ಮಾತ್ರ ಅಂಟುವ ಪ್ರತಿಕಾಯವನ್ನು ಹಾಕಿದಾಗ, ಆ ಪ್ರೋಟೀನು ಇರುವಲ್ಲಿ ಸಾಮಾನ್ಯವಾಗಿ ಕಂದು ಬಣ್ಣ ಮೂಡುತ್ತದೆ. ಪಾಸಿಟಿವ್ ಎಂದರೆ ಇಷ್ಟೇ. ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮ ಎಂಬ ಈ ಬಗೆಯ ಜೊಲ್ಲುಗ್ರಂಥಿಯ ಕ್ಯಾನ್ಸರಿನಲ್ಲಿ ಸಿ-ಕಿಟ್ ಎಂಬ ಪ್ರೋಟೀನು ಬಹುಪಾಲು ರೋಗಿಗಳಲ್ಲಿ ಕಾಣಿಸಿಕೊಳ್ಳುವುದರಿಂದ, ಅದು ರೋಗದ ಜಾತಿಯನ್ನು ಗುರುತಿಸಲು ನೆರವಾಗುತ್ತದೆಯೇ ಹೊರತು ಒಬ್ಬರ ಭವಿಷ್ಯವನ್ನು ಇನ್ನೊಬ್ಬರದ್ದರಿಂದ ಬೇರ್ಪಡಿಸಿ ಹೇಳುವುದಿಲ್ಲ. ಆ ಪ್ರೋಟೀನನ್ನು ತಡೆಯುವ ಇಮಾಟಿನಿಬ್ ಮಾತ್ರೆಯೂ ಈ ರೋಗದಲ್ಲಿ ನಿರೀಕ್ಷಿಸಿದಷ್ಟು ಫಲ ಕೊಡಲಿಲ್ಲ.

ಕೆಐ-67ರ ಮಾತು ಬೇರೆ. ವಿಭಜನೆಯ ಹಾದಿಯಲ್ಲಿರುವ ಕೋಶಗಳ ಕೇಂದ್ರದಲ್ಲಿ ಮಾತ್ರ ಕಾಣುವ ಪ್ರೋಟೀನು ಅದು, ಶೇ. 20 ಎಂದರೆ ಎಣಿಸಿದ ನೂರು ಕ್ಯಾನ್ಸರ್ ಕೋಶಗಳಲ್ಲಿ ಸುಮಾರು ಇಪ್ಪತ್ತು ಬಣ್ಣ ಹಿಡಿದಿವೆ ಎಂದರ್ಥ. ಈ ಪ್ರಮಾಣ ಹೆಚ್ಚಿದಷ್ಟೂ ರೋಗ ಚುರುಕಾಗಿರುತ್ತದೆಂಬುದು ಒಟ್ಟಾರೆ ಅನುಭವವಾದುದರಿಂದ ಅದನ್ನು ಕಡೆಗಣಿಸುವಂತಿಲ್ಲ. ಆದರೆ ಸ್ಲೈಡಿನ ಯಾವ ಭಾಗವನ್ನು ಎಣಿಸಿದರು, ಎಣಿಸಿದವರು ಯಾರು ಎಂಬುದರ ಮೇಲೆ ಅಂಕಿ ಬದಲಾಗುತ್ತದೆ. ಇಷ್ಟರ ಮೇಲೆ ಅಪಾಯವೆಂದು ಎಲ್ಲರೂ ಒಪ್ಪಿದ ಗಡಿಯೂ ಜೊಲ್ಲುಗ್ರಂಥಿಯ ಕ್ಯಾನ್ಸರಿಗಿಲ್ಲ. ನಾನಾದರೆ ಅದೇ ವರದಿಯಲ್ಲಿ ಮೊದಲು ನೋಡುವುದು ಗಡ್ಡೆಯ ಹಂತವನ್ನು, ಕತ್ತರಿಸಿದ ಅಂಚಿನಲ್ಲಿ ರೋಗ ಉಳಿದಿದೆಯೇ ಎಂಬುದನ್ನು, ನರದ ಗುಂಟ ಹರಡಿದೆಯೇ ಎಂಬುದನ್ನು, ಕೋಶಗಳು ‘ಸಾಲಿಡ್’ ವಿನ್ಯಾಸದಲ್ಲಿ ಒತ್ತಾಗಿ ಬೆಳೆದಿವೆಯೇ ಎಂಬುದನ್ನು. ಶಸ್ತ್ರಚಿಕಿತ್ಸೆಯ ಬಳಿಕ ವಿಕಿರಣ ಕೊಡುವ ತೀರ್ಮಾನವೂ ಮುಖ್ಯವಾಗಿ ಇವುಗಳ ಮೇಲೆಯೇ ನಿಂತಿದೆ.

ಪ್ರೋಟೀನಿನ ಪರೀಕ್ಷೆ ನೇರವಾಗಿ ಔಷಧದ ದಾರಿ ತೋರಿಸುವ ಸಂದರ್ಭಗಳೂ ಇವೆ. ಜೊಲ್ಲುಗ್ರಂಥಿಯ ಇನ್ನೊಂದು ಬಗೆಯ ಕ್ಯಾನ್ಸರಾದ ಲಾಲಾನಾಳದ ಕಾರ್ಸಿನೋಮದಲ್ಲಿ ಹೆರ್-2 ಅಥವಾ ಆಂಡ್ರೋಜನ್ ಗ್ರಾಹಕ ಎಂಬ ಪ್ರೋಟೀನು ಕಂಡುಬಂದರೆ, ಸ್ತನ ಮತ್ತು ಪ್ರಾಸ್ಟೇಟ್ ಕ್ಯಾನ್ಸರಿಗೆ ಬಳಸುವ ಮದ್ದುಗಳನ್ನೇ ಮುಂದುವರಿದ ರೋಗಕ್ಕೆ ಪ್ರಯೋಗಿಸುತ್ತಾರೆ. ನಿಮ್ಮ ತಾಯಿಯವರದು ಆ ಜಾತಿಯಲ್ಲ.

ಎಲೆಯಡಿಕೆಯೂ ಹೊಗೆಸೊಪ್ಪೂ ಬಾಯಿಯ ಒಳಪದರದ ಕ್ಯಾನ್ಸರಿಗೆ ಕಾರಣವೆಂಬುದು ಸಿದ್ಧವಾಗಿದೆ. ಜೊಲ್ಲುಗ್ರಂಥಿಯ ಕ್ಯಾನ್ಸರಿನೊಡನೆ ಅಂಥ ಗಟ್ಟಿ ನಂಟು ತೋರಿಬಂದಿಲ್ಲ. ಹಾಗೆಂದು ಮುಂದುವರಿಸಬಾರದು, ವಿಕಿರಣದ ಸಮಯದಲ್ಲಂತೂ ಕೂಡದು.

ಎರಡನೆಯ ಅಭಿಪ್ರಾಯಕ್ಕೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಕೇಂದ್ರಕ್ಕೆ ಹೋಗುವುದಾದರೆ ವರದಿಯ ಕಾಗದ ಮಾತ್ರ ಸಾಲದು. ಮಂಗಳೂರಿನ ಪ್ರಯೋಗಾಲಯದಿಂದ ಮೇಣದ ಬ್ಲಾಕನ್ನೂ ಸ್ಲೈಡುಗಳನ್ನೂ ಕೇಳಿ ಪಡೆಯಿರಿ. ಈ ರೋಗ ಹತ್ತು ವರ್ಷ ಕಳೆದ ಮೇಲೂ ಶ್ವಾಸಕೋಶದಲ್ಲಿ ಕಾಣಿಸಿಕೊಳ್ಳಬಲ್ಲದಾದ್ದರಿಂದ, ಐದು ವರ್ಷ ತುಂಬಿತೆಂದು ತಪಾಸಣೆಯನ್ನು ನಿಲ್ಲಿಸಬೇಡಿ.