ಸ್ತುತಿ ಹಾಡದಿದ್ದರೆ ಮಾರ್ಕು ಕಡಿಯಬಹುದೇ?

ಪ್ರಶ್ನೆ: ಮಾಷ್ಟ್ರೇ, ನಾನು ಒಂದು ಐಡೆಡ್ (ಅನುದಾನಿತ) ಸಂಸ್ಥೆಯಲ್ಲಿ ಕನ್ನಡ ಮಾಧ್ಯಮದ ಡಿ.ಎಲ್.ಎಡ್. (ಪ್ರಾಥಮಿಕ ಶಾಲಾ ಶಿಕ್ಷಕರ ತರಬೇತಿ) ಕಲಿಯುತ್ತಿದ್ದೇನೆ. ವಯಸ್ಸು 19. ಬೆಳಗ್ಗೆ ಕ್ಲಾಸಿಗೆ ಮೊದಲು ದೇವರ ಸ್ತುತಿ ಹಾಡಿಸುತ್ತಾರೆ. ನಾನೂ ಅದೇ ಧರ್ಮದವಳು, ಆದರೆ ನಂಬಿಕೆ ಇಲ್ಲ. ಸುಮ್ನೆ ನಿಂತಿದ್ದಕ್ಕೆ ಇಂಟರ್ನಲ್ ಮಾರ್ಕಿನ ಮಾತು ತೆಗೆದರು. ಹಾಡಲೇಬೇಕಾ?
– ವಿದ್ಯಾರ್ಥಿನಿ, ಮಂಜೇಶ್ವರ

ಉತ್ತರ: ಬೇಡ ಮಗಳೇ. ಹಾಡಬೇಕಾಗಿಲ್ಲ, ಅಲ್ಲಿ ನಿಲ್ಲಬೇಕಾಗಿಯೂ ಇಲ್ಲ. ಸಂವಿಧಾನದ 28ನೇ ವಿಧಿ ಓದು. ಪೂರ್ತಿ ಸರ್ಕಾರದ ದುಡ್ಡಿನಲ್ಲಿ ನಡೆಯುವ ಸಂಸ್ಥೆಯಲ್ಲಿ ಧಾರ್ಮಿಕ ಬೋಧನೆಯೇ ಕೂಡದು. ನಿಮ್ಮಂಥ ಅನುದಾನಿತ ಸಂಸ್ಥೆಯಲ್ಲಿ ಪ್ರಾರ್ಥನೆ ಇರಬಹುದು. ಆದರೆ ಒಪ್ಪಿಗೆ ಇಲ್ಲದವರನ್ನು ಅದಕ್ಕೆ ಎಳೆಯುವಂತಿಲ್ಲ. 18 ತುಂಬದವರಾದರೆ ಪೋಷಕರ ಒಪ್ಪಿಗೆ ಬೇಕು. ನಿನಗೆ 19. ಅಪ್ಪನಿಗೆ ಫೋನ್ ಮಾಡಿ ಒಪ್ಪಿಸಿದರೆ ಸಾಲದು, ನೀನೇ ಒಪ್ಪಬೇಕು.

ಅದೇ ಧರ್ಮದವಳು ಎಂದು ಹಿಂಜರಿಯಬೇಡ. 25ನೇ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಎಲ್ಲರಿಗೂ ಕೊಟ್ಟಿದೆ. ನಂಬದವರ ಮನಸ್ಸೂ ಅದರಲ್ಲಿ ಸೇರಿದೆ.

ನಮ್ಮ ಕೇರಳದ್ದೇ ಒಂದು ಕೇಸು ನೋಡು. 1985ರಲ್ಲಿ ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಮರ್ಯಾದೆಯಿಂದ ಎದ್ದು ನಿಂತರು, ಹಾಡಲಿಲ್ಲ. ಶಾಲೆಯಿಂದ ಹೊರಹಾಕಿದರು. ಹೈಕೋರ್ಟಿನಲ್ಲೂ ಸೋತರು. 1986ರಲ್ಲಿ ಸುಪ್ರೀಂ ಕೋರ್ಟು ಅವರನ್ನು ವಾಪಸ್ ಸೇರಿಸಿಕೊಳ್ಳಲು ಹೇಳಿತು. ರಾಷ್ಟ್ರಗೀತೆಯಲ್ಲೇ ಹೀಗಿರುವಾಗ ಸ್ತುತಿಗೆ ಮಾರ್ಕು ಕಡಿಯುವುದು ಯಾವ ನ್ಯಾಯ? ಮಕ್ಕಳಿಗೆ ಪಾಠ ಹೇಳಬೇಕಾದವರನ್ನೇ ಹೆದರಿಸುವುದು ನನಗೆ ತುಂಬ ನೋವಿನ ವಿಷಯ.

ಆದರೆ ಪಠ್ಯದಲ್ಲಿ ಧರ್ಮಗಳ ಬಗ್ಗೆ ಪಾಠ ಇದ್ದರೆ ಅದನ್ನು ಬಿಡಬೇಡ. ಅದು ಪೂಜೆಯಲ್ಲ. 2002ರ ಅರುಣಾ ರಾಯ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಇವೆರಡೂ ಬೇರೆ ಎಂದಿದೆ. ನಾಳೆ ನಿನ್ನ ಕ್ಲಾಸಿನಲ್ಲಿ ತುಳು, ಬ್ಯಾರಿ, ಕೊಂಕಣಿ, ಮಲಯಾಳ ಮನೆಮಾತಿನ ಮಕ್ಕಳು ಇರುತ್ತಾರೆ. ಒಬ್ಬ ಭೂತಕೋಲಕ್ಕೆ ರಜೆ ಕೇಳುತ್ತಾನೆ, ಇನ್ನೊಬ್ಬಳು ಉರೂಸಿಗೆ. ಅವರ ಮನೆಯ ಆಚಾರ ಗೊತ್ತಿರಬೇಕು, ಅಲ್ವಾ?

ಈಗ ಪ್ರಿನ್ಸಿಪಾಲರಿಗೆ ಒಂದು ಅರ್ಜಿ ಕೊಡು. ಜಗಳದ ಮಾತು ಬೇಡ, "28(3)ನೇ ವಿಧಿಯಂತೆ ಪ್ರಾರ್ಥನೆಗೆ ನನ್ನ ಒಪ್ಪಿಗೆ ಇಲ್ಲ" ಎಂದಿಷ್ಟು ಬರೆದರೆ ಸಾಕು. ನಕಲಿಗೆ ಸಹಿ, ಸೀಲು ಹಾಕಿಸಿಕೋ. ಅಲ್ಲಿ ಕೇಳದಿದ್ದರೆ ಶಿಕ್ಷಣ ಇಲಾಖೆಗೆ ದೂರು ಕೊಡು. ಕನ್ನಡದಲ್ಲೇ ಬರೆ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಅಧಿಕಾರಿಗಳಿಗೆ ದೂರು ಕೊಡಲು 350ನೇ ವಿಧಿಯಲ್ಲಿ ಹಕ್ಕಿದೆ. ಮಲಯಾಳದಲ್ಲಿ ತನ್ನಿ ಅಂದರೆ ವಾಪಸ್ ಬರಬೇಡ. ಮಾರ್ಕು ನಿಜವಾಗಿ ಕಡಿಮೆಯಾದರೆ ಯಾವ ಕೆಲಸಕ್ಕೆ ಎಷ್ಟು ಕೊಟ್ಟಿದ್ದಾರೆ ಎಂದು ಬರಹದಲ್ಲಿ ಕೇಳು. ಜೊತೆಯವರಿಗೂ ಇದೇ ತೊಂದರೆ ಇದ್ದರೆ ಅವರೂ ಅರ್ಜಿಗೆ ಸಹಿ ಹಾಕಲಿ.