ಫೀಸಿಲ್ಲದ ಶಾಲೆಗೆ ಇಷ್ಟೊಂದು ಬಾಡಿಗೆ ಯಾಕೆ?

ಪ್ರಶ್ನೆ: ಮಗಳು, ಅಳಿಯ ಅಮೆರಿಕದಲ್ಲಿದ್ದಾರೆ. ಮೊಮ್ಮಗಳು ಈ ಸಲ ಒಂಬತ್ತನೇ ಕ್ಲಾಸು. ಅವಳ ಹೈಸ್ಕೂಲಿಗೋಸ್ಕರ ಇರುವ ಮನೆ ಬಿಟ್ಟು, ನಾಲ್ಕು ಮೈಲಿ ಆಚೆ ಜಾಸ್ತಿ ಬಾಡಿಗೆಯ ಮನೆಗೆ ಹೋಗುತ್ತಾರಂತೆ. ಕೇಳಿದರೆ ಅದು ಸರ್ಕಾರಿ ಶಾಲೆ, ಫೀಸೇ ಇಲ್ಲ ಅನ್ನುತ್ತಾರೆ. ಇದು ಯಾವ ಲೆಕ್ಕ? ಹುಡುಗಿ ಬೇರೆ ಬ್ಯಾಂಡ್ ಸೇರುತ್ತಾಳಂತೆ. ಓದು ಹಾಳಾಗುವುದಿಲ್ಲವೇ?

ಉತ್ತರ: ಫೀಸು ಬಾಡಿಗೆಯೊಳಗೇ ಇದೆ ಅಮ್ಮ. ಅಲ್ಲಿನ ಶಾಲೆಗಳಿಗೆ ಕೇಂದ್ರ ಸರ್ಕಾರ ಕೊಡುವುದು ಶೇ 10ರ ಆಸುಪಾಸು ಅಷ್ಟೇ. ಉಳಿದದ್ದು ರಾಜ್ಯದ್ದು, ಮತ್ತೆ ಆ ಊರಿನ ಮನೆಗಳ ಆಸ್ತಿ ತೆರಿಗೆಯದ್ದು. ಮನೆ ಬೆಲೆ ಜಾಸ್ತಿ ಇರುವ ಕಡೆ ತೆರಿಗೆ ಜಾಸ್ತಿ ಹುಟ್ಟುತ್ತದೆ. ಶಾಲೆಗೆ ಒಳ್ಳೆ ಹೆಸರು ಬಂದರೆ ಮನೆ ಬೆಲೆ ಇನ್ನೂ ಏರುತ್ತದೆ. ಮಗು ಯಾವ ಶಾಲೆಗೆ ಅನ್ನುವುದು ಸಾಮಾನ್ಯವಾಗಿ ಮನೆ ವಿಳಾಸದ ಮೇಲೆಯೇ ತೀರ್ಮಾನ. ಸೇರಿಸುವಾಗ ಬಾಡಿಗೆ ಕರಾರು, ಕರೆಂಟ್ ಬಿಲ್ಲು ಕೇಳುತ್ತಾರೆ. ಟೆಕ್ಸಸ್‌ನ ಬಡ ಬಡಾವಣೆಯೊಂದರ ಅಪ್ಪ ಅಮ್ಮಂದಿರು ಇದು ಅನ್ಯಾಯ ಅಂತ ಸುಪ್ರೀಂ ಕೋರ್ಟ್‌ವರೆಗೂ ಹೋದರು. 1973ರಲ್ಲಿ ಐವರು ನ್ಯಾಯಮೂರ್ತಿಗಳು ಅವರ ವಿರುದ್ಧ, ನಾಲ್ವರು ಪರ. ಸೋತರು. ನನಗೆ ಇವತ್ತಿಗೂ ಆ ನಾಲ್ವರ ಮಾತೇ ಸರಿ ಅನ್ನಿಸುತ್ತದೆ. ಆದರೂ ನಿಮ್ಮ ಮಗಳನ್ನು ತಪ್ಪು ಅನ್ನಲಾರೆ. ನಾವೂ ಹಾಗೇ ಮನೆ ಬದಲಿಸಿದವರು.

ಬ್ಯಾಂಡ್ ಸೇರಲಿ ಬಿಡಿ. ಎಷ್ಟೋ ಹೈಸ್ಕೂಲುಗಳಲ್ಲಿ ಅದು ಒಂದು ಪಾಠವೇ, ಗ್ರೇಡ್ ಕೂಡ ಇರುತ್ತದೆ. ನನ್ನ ಮಗಳು ಕ್ಲಾರಿನೆಟ್ ಊದುತ್ತಿದ್ದಳು. ಶುಕ್ರವಾರ ಸಂಜೆ ಫುಟ್‌ಬಾಲ್ (ನಮ್ಮದಲ್ಲ, ಚೆಂಡು ಕೈಯಲ್ಲಿ ಹಿಡಿದು ಓಡುವುದು). ಅರ್ಧ ಆಟ ಮುಗಿದಾಗ ಬ್ಯಾಂಡಿನ ಮಕ್ಕಳು ಮೈದಾನಕ್ಕೆ ಇಳಿಯುತ್ತಿದ್ದರು. ಅಕ್ಟೋಬರ್ ಚಳಿಗೆ ಅಲ್ಯೂಮಿನಿಯಂ ಬೆಂಚು ಕೊರೆಯುತ್ತಿತ್ತು. ಮೂರು ವರ್ಷ ಸುಮ್ನೆ ಕೈ ಬೀಸಿ ಹೋಗುತ್ತಿದ್ದ ಪಕ್ಕದ ಮನೆಯಾಕೆ ತನ್ನ ಕಂಬಳಿ ಎಳೆದು ಅರ್ಧ ನನ್ನ ಮೊಣಕಾಲ ಮೇಲೆ ಹಾಕಿದಳು. ಮುಂದಿನ ವಾರ ಅವಳ ಜೊತೆ ನಿಂತು ನಾನೂ ಪಾಪ್‌ಕಾರ್ನ್ ಮಾರಿದೆ. ಆ ದುಡ್ಡು ಬ್ಯಾಂಡಿನ ಸಮವಸ್ತ್ರಕ್ಕೆ. ಅವತ್ತಿನಿಂದ ಆ ಊರು ನನ್ನದು ಅನ್ನಿಸಿತು.

ಮಗಳಿಗೆ ಒಂದು ಮಾತು ಹೇಳಿ. ಶಾಲೆಯ ರೇಟಿಂಗ್ ನೋಡಿ ಮನೆ ಹಿಡಿದರೆ ಸಾಲದು, ಸ್ಕೂಲ್ ಬೋರ್ಡಿನ ಸಭೆಗೆ ಹೋಗಬೇಕು. ದುಡ್ಡು ಎಲ್ಲಿಗೆ ಅನ್ನುವುದು ಅಲ್ಲೇ ತೀರ್ಮಾನವಾಗುವುದು. ಬೋರ್ಡಿನವರನ್ನು ಹೆಚ್ಚಿನ ಕಡೆ ಊರಿನವರೇ ಓಟು ಹಾಕಿ ಆರಿಸುತ್ತಾರೆ. ಓಟಿಗೆ ಪೌರತ್ವ ಬೇಕಾದೀತು, ಹೋಗಿ ಕೂರುವುದಕ್ಕೆ ಬೇಡ. ವೀಸಾದ ಮೇಲಿರುವ ನಮ್ಮವರು ಇದು ನಮಗಲ್ಲ ಅಂದುಕೊಂಡು ಮನೆಯಲ್ಲೇ ಉಳಿಯುತ್ತಾರೆ. ನನಗೆ ಬೇಸರ ಅದೇ.

ನಮ್ಮಲ್ಲಿ ಒಂದು ವರ್ಷ, ಪ್ರಾಕ್ಟೀಸ್ ಮುಗಿಸಿದ ಮಕ್ಕಳನ್ನು ಮನೆಗೆ ಬಿಡುವ ಸಂಜೆ ಬಸ್ಸನ್ನೇ ನಿಲ್ಲಿಸಲು ಹೊರಟಿದ್ದರು. ಕಾರು ಒಂದೇ ಇರುವ ಮನೆ, ಇಬ್ಬರೂ ದುಡಿಯುವ ಮನೆ, ಇವರೆಲ್ಲ ಏನು ಮಾಡಬೇಕು? ಹೆಸರು ಬರೆಸಿ ಮೈಕಿನ ಮುಂದೆ ನಿಂತೆ. ಒಬ್ಬೊಬ್ಬರಿಗೆ ಮೂರು ನಿಮಿಷ. ಎದುರಿಗೆ ಪುಟ್ಟ ದೀಪ, ಹಸಿರು, ಹಳದಿ, ಕೆಂಪು. ಹಳದಿ ಬಂದಾಗ ಗಂಟಲು ಒಣಗಿತ್ತು, ಆದರೂ ಹೇಳಬೇಕಾದದ್ದು ಹೇಳಿದೆ. ಹಿಂದೆ ಆರು ಜನ ಅಮ್ಮಂದಿರು ಸಾಲಲ್ಲಿದ್ದರು. ಬಸ್ಸು ಐದು ದಿನದಿಂದ ಎರಡಕ್ಕೆ ಇಳಿಯಿತು, ಪೂರ್ತಿ ನಿಲ್ಲಲಿಲ್ಲ. ಮಂಗಳವಾರ, ಗುರುವಾರ ಕ್ಲಾರಿನೆಟ್ ಪೆಟ್ಟಿಗೆ ಹಿಡಿದು ಮಗಳು ನಮ್ಮ ತಿರುವಿನಲ್ಲೇ ಇಳಿಯುತ್ತಿದ್ದಳು.